ಕೋರ್ಟ್ ಸಿನಿಮಾದಲ್ಲಿ ಜೂನಿಯರ್ ವಕೀಲನಿಗೆ ಏನು ಕೆಲಸ?

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಎರಡು ವರ್ಷ ಕೂತು ಒಂದು ಕೋರ್ಟ್ ಕಥೆಯ ಸ್ಕ್ರಿಪ್ಟ್ ಬರೆದಿದ್ದೇನೆ, 112 ಪುಟ. ಮಲೆನಾಡಿನ ಅಡಿಕೆ ತೋಟದ ಕಾವಲುಗಾರನೊಬ್ಬನ ಮೇಲೆ ತೋಟದ ಯಜಮಾನನನ್ನು ಕೊಂದ ಆರೋಪ. ಅವನ ಪರ ವಾದಿಸುವವಳು ಸುಮಾ, ಬೆಂಗಳೂರಿನಲ್ಲಿ ಓದಿ ಬೆಳೆದ ವಕೀಲೆ. ಅವಳ ಜೊತೆ ಮಂಜುನಾಥ ಅನ್ನುವ ಜೂನಿಯರ್ ಇದ್ದಾನೆ, 14 ಸೀನ್‌ಗಳಲ್ಲಿ ಬರುತ್ತಾನೆ. ಸ್ಕ್ರಿಪ್ಟ್ ಓದಿದ ನಿರ್ದೇಶಕರೊಬ್ಬರು, "ಅವನು ಬೇಡ, ಕೋರ್ಟ್ ಸಿನಿಮಾ ಅಂದರೆ ಇಬ್ಬರು ವಕೀಲರು, ಒಬ್ಬ ಜಡ್ಜ್, ಅಷ್ಟು ಸಾಕು" ಅಂದರು. ಹಣ ಹಾಕಲು ಬಂದವರು, "ಅವನನ್ನೇ ಕಾಮಿಡಿ ಮಾಡಿ, ಇನ್ನೂ ಜಾಸ್ತಿ ಸೀನ್ ಕೊಡಿ" ಅನ್ನುತ್ತಾರೆ. ನಮ್ಮ ಮನೆಯವರು ಓದಿ, "ಅವನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅಂದರು. ಅದೇ ಜಾಸ್ತಿ ನೋವಾಯಿತು. ಕೋರ್ಟ್ ಸಿನಿಮಾಕ್ಕೆ ಪೋಷಕ ಪಾತ್ರ ನಿಜವಾಗಿಯೂ ಬೇಕೇ ಬೇಕಾ?

ಉತ್ತರ: ನೀವು ಕಳಿಸಿದ ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಮೂರು ಜನ ಮೂರು ಮಾತು ಹೇಳಿದ್ದಾರೆ. ಆದರೆ ಮೂವರೂ ನೋಡುತ್ತಿರುವುದು ಮಂಜುನಾಥ ಇರಬೇಕಾ ಬೇಡವಾ ಅಂತ ಮಾತ್ರ. ನಿಮ್ಮ ಪತ್ರದಲ್ಲಿರುವ ಭಯ ಬೇರೆ ಅಂತ ನನಗೆ ಅನಿಸಿತು. ಅವನನ್ನು ತೆಗೆದರೆ ಸುಮಾ ಒಂಟಿಯಾಗಿಬಿಡುತ್ತಾಳೆ, ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ. ಇಟ್ಟುಕೊಂಡರೆ ಅವನು ಫೈಲು ಹೊರುವುದಕ್ಕೆ ಬಂದವನ ಹಾಗೆ ಕಾಣುತ್ತಾನೆ. ಎರಡೂ ಕಡೆ ನಿಮ್ಮ ಭಯ ಸರಿಯಾಗಿಯೇ ಇದೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಪೋಷಕ ಪಾತ್ರ ಕಡ್ಡಾಯ ಅಲ್ಲ. ಜೂನಿಯರ್ ಇರಲೇಬೇಕು, ಗೆಳತಿ ಇರಲೇಬೇಕು ಅಂತ ಯಾವ ನಿಯಮವೂ ಇಲ್ಲ. ಆದರೆ ಆ ಪಾತ್ರ ಮಾಡಬೇಕಾದ ಒಂದು ಕೆಲಸ ಇದೆಯಲ್ಲ, ಅದು ಕಡ್ಡಾಯ. ಅದನ್ನು ಯಾರಾದರೂ ಒಬ್ಬರು ಮಾಡಲೇಬೇಕು.

ಆ ಕೆಲಸ ಏನು ಅಂತ ತಿಳಿಯಬೇಕಾದರೆ ಕೋರ್ಟ್ ಹಾಲಿನಲ್ಲಿ ಒಂದು ದಿನ ಸುಮ್ನೆ ಕೂತು ಬರಬೇಕು. ಅಲ್ಲಿ ಯಾರೂ ಮನಸ್ಸಿನ ಮಾತು ಆಡುವ ಹಾಗಿಲ್ಲ. ವಕೀಲರು ಪ್ರಶ್ನೆ ಕೇಳಬಹುದು, ಕಾನೂನು ಹೇಳಬಹುದು. "ನನಗೂ ಇವನ ಮೇಲೆ ಅನುಮಾನ ಇದೆ ಮಹಾಸ್ವಾಮಿ" ಅನ್ನಲಾಗುವುದಿಲ್ಲ. ಸಾಕ್ಷಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ಜಡ್ಜ್ ತೀರ್ಪಿನ ದಿನದವರೆಗೂ ತಮ್ಮ ಒಲವು ತೋರಿಸುವ ಹಾಗಿಲ್ಲ. ಇಷ್ಟು ಜನ ಇಷ್ಟೊಂದು ಮಾತಾಡುತ್ತಾರೆ, ಒಬ್ಬರೂ ತಮ್ಮ ಒಳಗಿನದನ್ನು ಹೇಳುವುದಿಲ್ಲ. ಕಾದಂಬರಿಯಲ್ಲಾದರೆ "ಸುಮಾಳಿಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು" ಅಂತ ಬರೆದು ಮುಂದೆ ಹೋಗಬಹುದು. ಸಿನಿಮಾದಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಅವಳು ಕೋಟು ಬಿಚ್ಚಿಟ್ಟು ಯಾರ ಮುಂದೆ ಸೋಲುತ್ತಾಳೆ ಅನ್ನುವುದು ಕಥೆಗೆ ಬೇಕೇ ಬೇಕು.

ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ, ಕೇಳಿದವರಿಗೆ ಇದು ಹೊಸದಲ್ಲ. ವಾಲಿವಧೆ ಪ್ರಸಂಗ ತಗೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವುದು ಪಕ್ಕಾ ಪಾಟಿ ಸವಾಲು, ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ವಕೀಲರು ಪ್ರಶ್ನಿಸುವ ಹಾಗೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ, ನಿನಗೂ ನನಗೂ ಏನು ವೈರ? ಮಾತು ಆಡುವ ಕಲಾವಿದರು, ಅಂದರೆ ಅರ್ಥಧಾರಿಗಳು ಒಳ್ಳೆಯವರಿದ್ದರೆ ಗಂಟೆಗಟ್ಟಲೆ ನಡೆಯುತ್ತದೆ. ಆದರೆ ಅದಕ್ಕೂ ಮೊದಲು ತಾರೆ ಬರುತ್ತಾಳೆ. ಈಗಷ್ಟೇ ಸೋತು ಓಡಿದ ಸುಗ್ರೀವ ಇಷ್ಟು ಬೇಗ ಮತ್ತೆ ಬಂದು ಕೂಗುತ್ತಿದ್ದಾನೆ ಅಂದರೆ ಅವನ ಹಿಂದೆ ಯಾರೋ ಇದ್ದಾರೆ, ಹೋಗಬೇಡ ಅನ್ನುತ್ತಾಳೆ. ವಾಲಿ ಕೇಳುವುದಿಲ್ಲ. ಆಮೇಲಿನ ವಾದಕ್ಕೆ ತಾರೆ ಒಂದು ಅಂಶವನ್ನೂ ಸೇರಿಸುವುದಿಲ್ಲ. ಅವಳಿಲ್ಲದೆಯೂ ವಾದ ನಡೆಯುತ್ತದೆ. ಆದರೆ ಅವಳ ಮಾತು ಕೇಳಿಸಿಕೊಂಡ ನಮಗೆ, ಬಿದ್ದವನ ಒಂದೊಂದು ಪ್ರಶ್ನೆಯ ಹಿಂದೆಯೂ ಇನ್ನೊಂದು ಸಂಕಟ ಕಾಣುತ್ತದೆ. ಎಚ್ಚರಿಕೆ ಸಿಕ್ಕಿತ್ತು, ತಾನೇ ತಳ್ಳಿಹಾಕಿದ್ದ. ನಮ್ಮಲ್ಲಿ ಇಂಥವರಿಗೆ ಪೋಷಕ ಪಾತ್ರ ಅನ್ನುವ ಹೆಸರು ಬಹಳ ಸರಿಯಾಗಿದೆ. ಕಥೆಗೆ ಊಟ ಹಾಕುವವರು ಅವರು.

ಈಗ ನಿಮ್ಮ ನಿರ್ದೇಶಕರ ಮಾತು. ಇಬ್ಬರು ವಕೀಲರು, ಒಬ್ಬ ಜಡ್ಜ್ ಸಾಕು ಅನ್ನುವವರು ಸಾಮಾನ್ಯವಾಗಿ 1957ರ '12 ಆಂಗ್ರಿ ಮೆನ್' ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಕೊಲೆ ಆರೋಪಿಯೊಬ್ಬ ತಪ್ಪಿತಸ್ಥನಾ ಅಂತ ತೀರ್ಮಾನಿಸಲು ಕೂತ 12 ಜನ ಸಾಮಾನ್ಯರ, ಅಂದರೆ ಜ್ಯೂರಿಯ ಕಥೆ ಅದು. ಹೆಚ್ಚುಕಡಿಮೆ ಇಡೀ ಸಿನಿಮಾ ಒಂದೇ ಕೋಣೆಯಲ್ಲಿ ನಡೆಯುತ್ತದೆ, ಹೆಂಡತಿ ಮಕ್ಕಳು ಯಾರೂ ಬರುವುದಿಲ್ಲ, ನೋಡಿ ಎಷ್ಟು ಬಿಗಿಯಾಗಿದೆ ಅನ್ನುತ್ತಾರೆ. ನಾನೂ ಆ ಚಿತ್ರವನ್ನು ತುಂಬಾ ಪ್ರೀತಿಸುತ್ತೇನೆ. ಆದರೆ ಅದರಲ್ಲಿ ಪೋಷಕ ಪಾತ್ರ ಇಲ್ಲ ಅನ್ನುವುದು ತಪ್ಪು. ನಾಯಕನನ್ನು ಬಿಟ್ಟರೆ ಉಳಿದ 11 ಜನರೂ ಪೋಷಕರೇ. ಆ ಗುಂಪಿನ ಮುದುಕನನ್ನು ನೆನಪು ಮಾಡಿಕೊಳ್ಳಿ. ನಾಯಕನ ಕಡೆಗೆ ಮೊದಲು ವಾಲುವವನು ಅವನೇ. ಕೊನೆಯ ಹೊತ್ತಿಗೆ ಒಬ್ಬ ಜ್ಯೂರಿ ಸದಸ್ಯ ಮೂಗಿನ ಮೇಲೆ ಬೆರಳಿಟ್ಟು ಉಜ್ಜಿಕೊಳ್ಳುತ್ತಾನೆ. ಕೊಲೆ ಕಂಡೆ ಅಂತ ಸಾಕ್ಷಿ ಹೇಳಿದ ಹೆಂಗಸಿನ ಮೂಗಿನ ಮೇಲೂ ಅಂಥದ್ದೇ ಕನ್ನಡಕದ ಗುರುತಿತ್ತು ಅಂತ ಈ ಮುದುಕನಿಗೆ ಹೊಳೆಯುತ್ತದೆ. ರಾತ್ರಿ ಹಾಸಿಗೆಯಲ್ಲಿದ್ದವಳು ಕನ್ನಡಕ ಹಾಕಿಕೊಂಡು ಮಲಗಿದ್ದಳಾ? ಇಡೀ ಕೇಸು ಅಲ್ಲಿ ಅಲ್ಲಾಡುತ್ತದೆ. ನಾಯಕ ಬುದ್ಧಿವಂತ, ಆದರೆ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಜನರ ಮುಖವನ್ನು ನಿಧಾನವಾಗಿ ನೋಡುವ ವಯಸ್ಸಾದವನಿಗೆ ಬಿತ್ತು.

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮಲ್ಲಿ ಜ್ಯೂರಿ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗಿನಿಂದ ಅದಕ್ಕೆ ಜಾಗವೇ ಇಲ್ಲ. ಅವರ ಸಿನಿಮಾದಲ್ಲಿ ವಕೀಲ ಕಾನೂನು ಗೊತ್ತಿಲ್ಲದ 12 ಜನರಿಗೆ ಬಿಡಿಸಿ ಹೇಳುವಾಗ ಪ್ರೇಕ್ಷಕನಿಗೂ ಅರ್ಥವಾಗುತ್ತದೆ. ನಮ್ಮ ವಕೀಲರು ಮಾತಾಡುವುದು ಕಾನೂನು ಅರೆದು ಕುಡಿದ ಜಡ್ಜ್ ಮುಂದೆ. ಅಲ್ಲಿ ಬಿಡಿಸಿ ಹೇಳಿದರೆ ಸುಳ್ಳು ಅನಿಸುತ್ತದೆ. ಹಾಗಾಗಿ ಕನ್ನಡದ ಕೋರ್ಟ್ ಕಥೆಗೆ ಹೊರಗೆ ಒಬ್ಬ ಕೇಳುಗ ಇನ್ನೂ ಜಾಸ್ತಿ ಬೇಕಾಗುತ್ತಾನೆ.

ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅದೇ 1957ರ ಇನ್ನೊಂದು ಚಿತ್ರ, ಬಿಲ್ಲಿ ವೈಲ್ಡರ್ ನಿರ್ದೇಶನದ 'ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್'. ಅಗಾಥಾ ಕ್ರಿಸ್ಟಿಯ ನಾಟಕದಿಂದ ಬಂದದ್ದು. ನಾಟಕ ಆಗಲೇ ಗೆದ್ದಿತ್ತು, ಕಥೆಯಲ್ಲಿ ಏನೂ ಕೊರತೆ ಇರಲಿಲ್ಲ. ಆದರೂ ಸಿನಿಮಾ ಮಾಡುವಾಗ ನಾಟಕದಲ್ಲಿ ಇಲ್ಲದ ಒಂದು ಪಾತ್ರ ಸೇರಿಸಿದರು, ಮಿಸ್ ಪ್ಲಿಮ್ಸಾಲ್ ಅನ್ನುವ ನರ್ಸ್. ವಕೀಲ ಸರ್ ವಿಲ್ಫ್ರಿಡ್ ಹೃದಯದ ಕಾಯಿಲೆಯಿಂದ ಈಗ ತಾನೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಚುಟ್ಟಾ ಇಲ್ಲ, ಬ್ರಾಂದಿ ಇಲ್ಲ, ಕೊಲೆ ಕೇಸು ಮುಟ್ಟುವ ಹಾಗೇ ಇಲ್ಲ. ಅದನ್ನೆಲ್ಲ ಕಾಯುವವಳು ಈ ನರ್ಸ್. ಕೇಸಿಗೂ ಅವಳಿಗೂ ಸಂಬಂಧವೇ ಇಲ್ಲ. ನಿಮ್ಮ ಮನೆಯವರ ಲೆಕ್ಕದಲ್ಲಿ ಅವಳು "ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ".

ಆದರೆ ಅವಳು ಬಂದ ಕೂಡಲೇ ಏನಾಯಿತು ನೋಡಿ. ವಕೀಲನ ಒಂದೊಂದು ವಾದಕ್ಕೂ ಬೆಲೆ ಬಂತು. ಕೋರ್ಟಿನಲ್ಲಿ ಅವನು ಧ್ವನಿ ಏರಿಸಿದರೆ ನಮಗೆ ಅವನ ಎದೆಯ ಬಗ್ಗೆ ಭಯ. ವಿಚಾರಣೆ ನಡೆಯುವಾಗ ಅವನು ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾ ಕೂರುತ್ತಾನೆ. ಕಿವಿ ಸಾಕ್ಷಿಯ ಕಡೆ, ಬೆರಳು ಮಾತ್ರೆಗಳ ಮೇಲೆ. ಒಂದು ಡೈಲಾಗ್ ಇಲ್ಲದೆ ಅವನ ತಲೆ ಓಡುವುದು ಕಾಣುತ್ತದೆ. ನರ್ಸ್ ಪಾತ್ರ ಇರದಿದ್ದರೆ ಆ ಮಾತ್ರೆಗಳಿಗೆ ಇಷ್ಟು ಅರ್ಥ ಎಲ್ಲಿಂದ ಬರಬೇಕಿತ್ತು? ಆ ಪಾತ್ರ ಮಾಡಿದ ಎಲ್ಸಾ ಲ್ಯಾಂಚೆಸ್ಟರ್‌ಗೆ ಪೋಷಕ ನಟಿ ವಿಭಾಗದಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು, ಆಸ್ಕರ್‌ಗೂ ನಾಮನಿರ್ದೇಶನವಾಯಿತು. ವಕೀಲನಾಗಿ ನಟಿಸಿದ ಚಾರ್ಲ್ಸ್ ಲಾಟನ್ ನಿಜಜೀವನದಲ್ಲೂ ಅವಳ ಗಂಡ. ಆ ಜಗಳಗಳಲ್ಲಿ ಕಾಣುವ ಸಲಿಗೆಗೆ ಅದೂ ಒಂದು ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಕಥೆಯ ಗುಟ್ಟು ಹೇಳುವುದಿಲ್ಲ, ನೀವು ನೋಡಿರದಿದ್ದರೆ ಈ ವಾರವೇ ನೋಡಿ.

ಹಾಗಾದರೆ ಪೋಷಕ ಪಾತ್ರ ಕೇಸಿಗೆ ಸಹಾಯ ಮಾಡಲೇಬೇಕು ಅನ್ನುವುದೂ ನಿಜ ಅಲ್ಲ. ಮುದುಕ ಕಂಡು ಹೇಳಿದ, ನರ್ಸ್ ಬರೀ ತಡೆದಳು. ಇಬ್ಬರೂ ಮುಖ್ಯ ಪಾತ್ರದ ಕೈಯಲ್ಲಿ ಆಗದ ಒಂದನ್ನು ಮಾಡಿದರು.

ಹಣ ಹಾಕುವವರು ಕೇಳುವ ಕಾಮಿಡಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಗು ತಪ್ಪಲ್ಲ, ಆ ನರ್ಸ್ ಸೀನ್‌ಗಳಲ್ಲೂ ನಗು ತುಂಬಿದೆ. ಆದರೆ ಆ ನಗು ವಕೀಲನ ಕಾಯಿಲೆಯಿಂದ ಹುಟ್ಟಿದ್ದು, ಕಥೆಯ ಒಳಗಿನದು. ಮಂಜುನಾಥ ಕೋರ್ಟ್ ಕ್ಯಾಂಟೀನಿನಲ್ಲಿ ಜಾರಿ ಬಿದ್ದರೆ ಬರುವ ನಗು ಹೊರಗಿನದು. ಮುಂದಿನ ಸೀನ್‌ನಲ್ಲಿ ಸತ್ತವನ ತಾಯಿ ಕಟಕಟೆಗೆ ಬಂದಾಗ ಪ್ರೇಕ್ಷಕ ಮತ್ತೆ ಮೊದಲಿನಿಂದ ಗಂಭೀರ ಆಗಬೇಕಾಗುತ್ತದೆ.

ಈಗ ನಿಮ್ಮ ಮಂಜುನಾಥ. 14 ಸೀನ್‌ಗಳಲ್ಲಿ ಅವನ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. "ಮೇಡಂ, ಈಗೇನು ಮಾಡೋದು?" ಮೂರು ಸಲ. "ಮೇಡಂ, ವಾಯಿದೆ ಕೊಟ್ಟರು" ಎರಡು ಸಲ. ಉಳಿದದ್ದು ಬಹುತೇಕ "ಸರಿ ಮೇಡಂ". ಅವನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಈ ಕಾವಲುಗಾರ ಕೊಂದಿದ್ದಾನೆ ಅಂತ ಅವನಿಗೆ ಅನಿಸುತ್ತದಾ ಇಲ್ಲವಾ, ಒಂದೂ ಗೊತ್ತಾಗುವುದಿಲ್ಲ. ಸುಮಾ ಅವನ ಮಾತನ್ನು ಒಮ್ಮೆಯೂ ತಳ್ಳಿಹಾಕುವುದಿಲ್ಲ, ಯಾಕೆಂದರೆ ತಳ್ಳಿಹಾಕುವಂಥದ್ದನ್ನು ಅವನು ಹೇಳಿಯೇ ಇಲ್ಲ. ನಿಮ್ಮ ಮನೆಯವರು ಹೇಳಿದ್ದು ಈಗಿನ ಮಂಜುನಾಥನ ಮಟ್ಟಿಗೆ ನಿಜ. ನೋವಾದರೂ ಒಪ್ಪಿಕೊಳ್ಳಿ.

ಇನ್ನೊಂದು ಕಡೆ ದೊಡ್ಡ ತಪ್ಪಿದೆ. 38ನೇ ಪುಟದಲ್ಲಿ ಸುಮಾ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕಕ್ಷಿದಾರ ಜೈಲಿನಲ್ಲಿ ಹೇಳಿದ್ದನ್ನೆಲ್ಲ ಹೇಳಿಕೊಂಡು ಅಳುತ್ತಾಳೆ. ಸೀನ್ ಚೆನ್ನಾಗಿದೆ, ಆದರೆ ವಕೀಲರು ಹಾಗೆ ಮಾಡುವ ಹಾಗಿಲ್ಲ. ಕಕ್ಷಿದಾರ ಹೇಳಿದ ಮಾತನ್ನು ಅವನ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬಾರದು. ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಕಲಂ ಅದನ್ನೇ ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಮುಂದುವರಿದಿದೆ. ಅಮ್ಮನಿಗೆ ಹೇಳಬಾರದು, ಗಂಡನಿಗೂ ಹೇಳಬಾರದು. ಆದರೆ ಇದೇ ಕಟ್ಟು ವಕೀಲರ ಗುಮಾಸ್ತರಿಗೂ ಅನ್ವಯಿಸುತ್ತದೆ ಅಂತ ಕಾಯ್ದೆ ಬೇರೆಯಾಗಿ ಹೇಳುತ್ತದೆ. ಜೂನಿಯರ್ ಅಂತೂ ಸ್ವತಃ ವಕೀಲ. ಅಂದರೆ ಗುಟ್ಟು ಕೇಳಿಸಿಕೊಳ್ಳಬಲ್ಲವರು ಆಫೀಸಿನ ಒಳಗಿನವರು ಮಾತ್ರ, ಕೇಳಿಸಿಕೊಂಡ ಮೇಲೆ ಅವರ ಬಾಯಿಗೂ ಬೀಗ. ಕೋರ್ಟ್ ಕಥೆಗಳಲ್ಲಿ ಜೂನಿಯರ್ ಮತ್ತು ಗುಮಾಸ್ತ ಮತ್ತೆ ಮತ್ತೆ ಬರುವುದಕ್ಕೆ ಇದು ಗಟ್ಟಿಯಾದ ಕಾರಣ. ನಿಮ್ಮ ಅಳುವ ಸೀನ್ ನಡೆಯಬೇಕಾದದ್ದು ಮಂಜುನಾಥನ ಮುಂದೆ.

ಜೂನಿಯರ್ ಏನು ಮಾಡಬಲ್ಲ ಅನ್ನುವುದನ್ನು ನಾನು ಒಂದು ಜಿಲ್ಲಾ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಕಲಿತೆ. ಹಿರಿಯ ವಕೀಲರು ಪಾಟಿ ಸವಾಲು ನಡೆಸುತ್ತಿದ್ದರು. ಸಾಕ್ಷಿಯ ಮೇಲಿನ ಕಣ್ಣು ತೆಗೆಯದೆ ಕೈ ಮಾತ್ರ ಹಿಂದಕ್ಕೆ ಚಾಚುತ್ತಿದ್ದರು. ಹಿಂದೆ ನಿಂತ ಹುಡುಗಿ ಬೇಕಾದ ಹಾಳೆಯನ್ನು ಆ ಕೈಗೆ ಇಡುತ್ತಿದ್ದಳು. ಐದಾರು ಸಲ ಹೀಗೇ ನಡೆಯಿತು. ಒಂದು ಸಲ ಕೈ ಚಾಚಿದಾಗ ಅವಳು ಹಾಳೆ ಕೊಡಲಿಲ್ಲ. ಹಾಳೆಯ ಮೇಲೆ ಅಂಗೈ ಒತ್ತಿ ಹಿಡಿದು, ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಎರಡು ಕ್ಷಣ ಸುಮ್ಮನೆ ನಿಂತರು. ಆಮೇಲೆ "ಪಾಟಿ ಸವಾಲು ಮುಗಿಯಿತು ಮಹಾಸ್ವಾಮಿ" ಅಂತ ಕೂತುಬಿಟ್ಟರು. ಹೊರಗೆ ಟೀ ಕುಡಿಯುವಾಗ ಕೇಳಿದೆ. ಕತ್ತಲಲ್ಲಿ ಹೇಗೆ ಗುರುತು ಹಿಡಿದೆ ಅಂತ ಕೇಳುವವರಿದ್ದರಂತೆ. ಆ ಬೀದಿದೀಪ ಘಟನೆಯ ಹಿಂದಿನ ವಾರವೇ ರಿಪೇರಿ ಆಗಿದ್ದು ಆ ಬೀದಿಯಲ್ಲೇ ವಾಸವಿದ್ದ ಹುಡುಗಿಗೆ ಗೊತ್ತಿತ್ತು. ಕೇಳಿದ್ದರೆ ಸಾಕ್ಷಿ ಇನ್ನೂ ಗಟ್ಟಿಯಾಗುತ್ತಿತ್ತು. ಕೇಳದೆ ಬಿಟ್ಟ ಒಂದು ಪ್ರಶ್ನೆ, ಒಂದು ಅಂಗೈ. ಇಂಥ ಸೀನ್ ನನ್ನ ಕಲ್ಪನೆಗೆ ಎಂದೂ ಬಂದಿರಲಿಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಮಂಜುನಾಥನನ್ನು ಪೂರ್ತಿ ತೆಗೆಯಬಹುದು. ಸ್ಕ್ರಿಪ್ಟ್ ಹಗುರವಾಗುತ್ತದೆ, ಶೂಟಿಂಗ್ ದಿನಗಳೂ ಕಡಿಮೆಯಾಗುತ್ತವೆ. ಅಪಾಯ ಏನೆಂದರೆ ಅವನ ಕೆಲಸ ಎಲ್ಲಿಗೂ ಹೋಗುವುದಿಲ್ಲ, ಕದ್ದು ಬೇರೆ ಕಡೆ ಬಂದು ಕೂರುತ್ತದೆ. ಸುಮಾ ಕನ್ನಡಿ ಮುಂದೆ ಮಾತಾಡತೊಡಗುತ್ತಾಳೆ, ಫೋನಿನಲ್ಲಿ ಮಾತಾಡತೊಡಗುತ್ತಾಳೆ. ಒಂದು ಸ್ಕ್ರಿಪ್ಟಿನಲ್ಲಿ ನಾನೇ ಗುಮಾಸ್ತನ ಪಾತ್ರ ಕಿತ್ತು ಹಾಕಿ ಆ ಜಾಗಕ್ಕೆ ಏಳು ಫೋನ್ ಕರೆ ಬರೆದಿದ್ದೆ. ನಾಯಕ ಕಿವಿಗೆ ಫೋನ್ ಹಿಡಿದು ನಿಂತೇ ಇದ್ದ. ಎಡಿಟಿಂಗ್ ಟೇಬಲ್‌ನಲ್ಲಿ ಏನೂ ಮಾಡಲಾಗಲಿಲ್ಲ. ಆ ತಪ್ಪು ನಿಮಗೆ ಬೇಡ.

ಎರಡನೆಯದು, ಆ ಕೆಲಸವನ್ನು ಈಗಾಗಲೇ ಇರುವ ಬೇರೊಬ್ಬರಿಗೆ ಕೊಡುವುದು. ಎದುರಾಳಿಗೇ ಕೊಡಬಹುದು. ಚೈತನ್ಯ ತಮ್ಹಾಣೆ ಅವರ 2014ರ ಮರಾಠಿ ಚಿತ್ರ 'ಕೋರ್ಟ್'ನಲ್ಲಿ ಕ್ಯಾಮೆರಾ ಸರ್ಕಾರಿ ವಕೀಲೆಯ ಹಿಂದೆ ಅವರ ಮನೆಗೇ ಹೋಗುತ್ತದೆ. ಮಗುವನ್ನು ಕರೆದುಕೊಂಡು ಬರುತ್ತಾರೆ, ಅಡುಗೆ ಮಾಡುತ್ತಾರೆ, ಮನೆಯವರ ಜೊತೆ ನಾಟಕಕ್ಕೆ ಹೋಗುತ್ತಾರೆ. ಅಮಾಯಕನನ್ನು ಜೈಲಿಗೆ ಕಳಿಸಲು ವಾದಿಸುವವರು ನಮ್ಮ ಪಕ್ಕದ ಮನೆಯವರ ಹಾಗಿದ್ದಾರೆ ಅಂತ ಕಂಡಾಗ ಆಗುವ ಕಸಿವಿಸಿ ಯಾವ ಭಾಷಣಕ್ಕಿಂತಲೂ ದೊಡ್ಡದು. ನಿಮ್ಮ ಕಥೆಯಲ್ಲಿ ಇದು ಕಷ್ಟ. ನಿಮ್ಮ ಪಿ.ಪಿ., ಅಂದರೆ ಸರ್ಕಾರಿ ವಕೀಲ, ಇನ್ನೂ ಬರೀ ಕೂಗುವ ಮನುಷ್ಯ. ಅವರನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ. ಆರೋಪಿಗೆ ಕೊಡುವುದೂ ಒಂದು ದಾರಿ. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜ್ ನೇರವಾಗಿ ಆರೋಪಿಯನ್ನೇ ಪ್ರಶ್ನಿಸುವ ಹಂತ ಒಂದಿದೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ ಸಂಖ್ಯೆ ಹಿಡಿದು ಹಳೆಯವರು ಈಗಲೂ "313 ಹೇಳಿಕೆ" ಅನ್ನುತ್ತಾರೆ. ಅಲ್ಲಿ ಪ್ರಮಾಣ ಮಾಡಿಸುವುದಿಲ್ಲ, ವಕೀಲರು ನಡುವೆ ನಿಲ್ಲುವುದಿಲ್ಲ. ಬಡವನೊಬ್ಬ ಜಡ್ಜ್ ಮುಖ ನೋಡಿ ತನ್ನ ಭಾಷೆಯಲ್ಲಿ ಮಾತಾಡುವ ಏಕೈಕ ಗಳಿಗೆ. ನೀವು ಅದನ್ನು ಬರೆದೇ ಇಲ್ಲ. ಮಂಜುನಾಥ ಇರಲಿ ಬಿಡಲಿ, ಆ ಸೀನ್ ಸೇರಿಸಿ.

ಮೂರನೆಯದು, ಮಂಜುನಾಥನನ್ನು ಇಟ್ಟುಕೊಂಡು ಅವನಿಗೆ ಕೆಲಸ ಕೊಡುವುದು. ನನ್ನ ಒಲವು ಇದರ ಕಡೆಗೆ, ಯಾಕೆಂದರೆ ನಿಮ್ಮ ಕಥೆ ಅದಕ್ಕೆ ಬಾಯಿ ತೆರೆದುಕೊಂಡು ನಿಂತಿದೆ. ಪಕ್ಕದ ತೋಟದ ಆಳು "ಅವನ ಕೈ ಕೆಂಪಗಿತ್ತು, ರಕ್ತ" ಅಂತ ಸಾಕ್ಷಿ ಹೇಳುತ್ತಾನೆ. ನಡೆದದ್ದು ಅಡಿಕೆ ಕೊಯ್ಲಿನ ಕಾಲ, ಸಂಜೆ. ಬೆಂಗಳೂರಿನ ಸುಮಾ ಆ ಮಾತಿನ ಮೇಲೆ ದೂರದ ಲೆಕ್ಕ, ಬೆಳಕಿನ ಲೆಕ್ಕ ಹಾಕುತ್ತಾಳೆ. ಆದರೆ ಮಂಜುನಾಥನ ತಾಯಿ ಅಡಿಕೆ ಸುಲಿಯಲು ಹೋಗುವವಳಾದರೆ? ಅವನು ಹುಟ್ಟಿದಾಗಿನಿಂದ ಅಮ್ಮನ ಕೈ ನೋಡಿದ್ದಾನೆ. ಹಸಿ ಅಡಿಕೆಯ ಕಲೆ, ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರು, ಅಂದರೆ ಚೊಗರು, ಎಷ್ಟು ತಿಕ್ಕಿದರೂ ಹೋಗದ ಆ ಬಣ್ಣ. ಕಾವಲುಗಾರನೂ ಆ ದಿನ ಚೊಗರಿನ ಹಂಡೆ ಎತ್ತಿದ್ದಿರಬಹುದಲ್ವಾ? ಅವನೇ ಯಾಕೆ ಹೇಳಲಿಲ್ಲ ಅಂದರೆ, ಕೈಗೆ ಚೊಗರು ಹತ್ತುವುದು ಅವನಿಗೆ ಹೇಳಿಕೊಳ್ಳುವ ಸಂಗತಿ ಅಂತಲೇ ಅನಿಸಿಲ್ಲ. ಆ ದಿನದ ಬಟ್ಟೆ ಪೊಲೀಸರಿಗೆ ಸಿಗಲಿಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಲ್ಯಾಬ್ ವರದಿಯ ತೊಡಕೂ ಇಲ್ಲ.

ಇದಕ್ಕೆ ಇನ್ನೊಂದನ್ನು ಸೇರಿಸಿ. ಮಂಜುನಾಥನಿಗೆ ಕಾವಲುಗಾರನ ಮೇಲೆ ನಂಬಿಕೆ ಇಲ್ಲದಿರಲಿ. ಇವನೇ ಕೊಂದಿದ್ದಾನೆ ಅಂತ ಅವನು ಸುಮಾಳ ಮುಖಕ್ಕೇ ಹೇಳಲಿ. ನಂಬದವನ ಕೈಗೇ ಬಿಡಿಸುವ ಕೀಲಿ ಸಿಕ್ಕಿದರೆ ಅದನ್ನು ಕೊಡುತ್ತಾನಾ, ಅಂಗೈ ಒತ್ತಿ ಹಿಡಿಯುತ್ತಾನಾ? ಅವನಿಗೆ ಈಗ ಒಂದು ರಾತ್ರಿ ನಿದ್ದೆ ಬರುವುದಿಲ್ಲ. ಪಾತ್ರಕ್ಕೆ ಜೀವ ಬಂತು.

ಈ ದಾರಿಯಲ್ಲೂ ಒಂದು ಅಪಾಯ ಇದೆ, ಅದೂ ದೊಡ್ಡದೇ. ಎಲ್ಲವನ್ನೂ ಅವನೇ ಕಂಡುಹಿಡಿದರೆ ಸುಮಾ ಅವನು ಬರೆದುಕೊಟ್ಟಿದ್ದನ್ನು ಓದುವವಳಾಗಿಬಿಡುತ್ತಾಳೆ. ಅವನು ಕಂಡಿದ್ದನ್ನು ಹೇಳಲಿ, ಅಷ್ಟೇ. ಅದನ್ನು ಕೋರ್ಟಿನಲ್ಲಿ ಬಳಸಬೇಕಾ, ಹೇಗೆ, ಯಾವ ಸಾಕ್ಷಿಯ ಮೇಲೆ, ತಪ್ಪಿದರೆ ಏನಾಗುತ್ತದೆ ಅನ್ನುವ ತೀರ್ಮಾನ ಅವಳದೇ ಆಗಿರಬೇಕು. ಸೋತರೆ ಬೈಗುಳವೂ ಅವಳಿಗೇ ಬೀಳಬೇಕು. ಇನ್ನೊಂದು ಮಾತು, ದಯವಿಟ್ಟು ಅವರಿಬ್ಬರ ನಡುವೆ ಪ್ರೀತಿ ಹುಟ್ಟಿಸಬೇಡಿ. ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರೀತಿ ಬಂದ ಕೂಡಲೇ ಅವನ ಅನುಮಾನವೂ ಮುನಿಸಿನ ಹಾಗೆ ಕಾಣತೊಡಗುತ್ತದೆ.

ಇಡೀ ಸ್ಕ್ರಿಪ್ಟ್ ಬಿಚ್ಚಲು ಹೋಗಬೇಡಿ. 14ರಲ್ಲಿ ಹತ್ತು ಸೀನ್ ಧೈರ್ಯವಾಗಿ ತೆಗೆಯಿರಿ. ಉಳಿದ ನಾಲ್ಕನ್ನು ಹೀಗೆ ಬರೆದು ನೋಡಿ. ಒಂದರಲ್ಲಿ ಅವನು ಕಾವಲುಗಾರನನ್ನು ನಂಬುವುದಿಲ್ಲ ಅಂತ ಹೇಳಲಿ. 38ನೇ ಪುಟದ ಫೋನ್ ಕರೆಯ ಜಾಗದಲ್ಲಿ ಸುಮಾ ಅವನ ಮುಂದೆ ಕುಸಿಯಲಿ. ಒಂದರಲ್ಲಿ ಅವನು ವಾರದ ಕೊನೆಗೆ ಊರಿಗೆ ಹೋಗಲಿ, ಅಮ್ಮ ತಟ್ಟೆ ಹಿಡಿದು ಊಟ ಬಡಿಸಲಿ, ಅವನು ಅನ್ನ ನೋಡದೆ ಅವಳ ಕೈ ನೋಡಲಿ. ಅಲ್ಲಿ ಡೈಲಾಗ್ ಬೇಡ. ಕೊನೆಯದು ಪಾಟಿ ಸವಾಲಿನ ಸೀನ್, ಸುಮಾ ಹಿಂದಕ್ಕೆ ಕೈ ಚಾಚುತ್ತಾಳೆ. ಇವು ನಾಲ್ಕೂ ಬರೆದ ಮೇಲೂ ಅವನು ನಿಮಗೆ ಬೇಡ ಅನಿಸಿದರೆ ನಿರ್ದೇಶಕರ ಮಾತು ಕೇಳಿ ತೆಗೆದುಬಿಡಿ. ಬರೆದಾದ ಮೇಲೆ ಆ ನಾಲ್ಕು ಸೀನ್ ಮಾತ್ರ ನನಗೆ ಕಳಿಸಿ, ಖಂಡಿತ ಓದುತ್ತೇನೆ.